ಇಲ್ಲಿ ಕಡ್ಡಿ ಬಗ್ಗಿಸುವುದಿಲ್ಲ

ನನ್ನ ಅಕ್ಕ ತೀರಿಕೊಂಡ ಹನ್ನೊಂದನೆಯ ದಿನ ಊಟಕ್ಕೆ ಬಂದವರಲ್ಲಿ ಅರ್ಧಕ್ಕರ್ಧ ಮೆಕ್ಯಾನಿಕ್‌ಗಳು, ಡ್ರೈವರ್‌ಗಳು. ಎಲೆಯ ಮುಂದೆ ಕೂತು ಎಲ್ಲರೂ ಅವಳನ್ನು ಹೊಗಳಿದರು. ನಾಯಂಡಹಳ್ಳಿಯಿಂದ ಕೆಂಗೇರಿಯವರೆಗೆ ಗಾಡಿಗಳ ಪೆಟ್ರೋಲ್ ಮೀಟರಿನ ಮುಳ್ಳಿನ ಕೆಲಸಕ್ಕೆ ಅಂಥ ಕೈ ಇನ್ನೊಂದಿರಲಿಲ್ಲ ಅಂದರು. ಆದರೆ ಹೊಗಳಿದವರು ಕೊನೆಗೊಂದು ಬಾಲ ಸೇರಿಸಿದರು. "ಒಂದೇ ಒಂದ್ ಸಲ ಕೈ ತಪ್ತು, ಪಾಪ. ಆ ಸ್ಕೂಲ್ ವ್ಯಾನಿಂದು."

ಆ ಬಾಲವನ್ನು ಕತ್ತರಿಸಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಅಕ್ಕನ ಕೈ ತಪ್ಪಿರಲಿಲ್ಲ. ತಪ್ಪಿದ್ದು ನನ್ನ ಕೈ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಚೆಂದ ಮಾಡಿ ಬರೆಯಲು ಬರುವುದಿಲ್ಲ. ನಡೆದದ್ದನ್ನು ಬರೆಯಲು ಬರುತ್ತದೆ.

ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿ ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಗೆ ಸೇರಿದ್ದಳು. ಮೀಟರುಗಳಿಗೆ ಮುಳ್ಳು ಕೂರಿಸುವ ಕೆಲಸ. ಉಸಿರು ತಾಗಿದರೆ ಹಾರಿಹೋಗುವಂಥ ಮುಳ್ಳು. ಚಿಮುಟದಲ್ಲಿ ಹಿಡಿದು ಕೂರಿಸುವವರೆಗೆ ಉಸಿರು ಬಿಡುವಂತಿರಲಿಲ್ಲ. ಒಂದು ಬೆಳಿಗ್ಗೆ ಹೋದರೆ ಗೇಟಿಗೆ ಬೀಗ. ಜೊತೆಯ ಹೆಂಗಸರೆಲ್ಲ ಗಾರ್ಮೆಂಟ್ಸ್ ಕಡೆ ನಡೆದರು. ಅಕ್ಕ ಹೋಗಲಿಲ್ಲ. "ಇಷ್ಟು ವರ್ಷ ಮುಳ್ಳು ಕೂರಿಸಿದ ಕೈ ಇದು. ಈಗ ಕಾಲರ್ ಹೊಲಿ ಅಂದ್ರೆ ಹೊಲಿಯಲ್ಲ" ಅಂದಳು. ಕಾರ್ಖಾನೆಯವರು ಕೊಟ್ಟಿದ್ದ ನೀಲಿ ಕೋಟನ್ನು ಸೀರೆಯ ಮೇಲೆ ಹಾಕಿಕೊಂಡು, ನಾಯಂಡಹಳ್ಳಿಯಲ್ಲಿ ಪಂಕ್ಚರ್ ಅಂಗಡಿಗೂ ಸೀಟ್ ಕವರ್ ಅಂಗಡಿಗೂ ನಡುವೆ ಇದ್ದ ತಗಡಿನ ಡಬ್ಬದಂಥ ಜಾಗದಲ್ಲಿ ಕೂತಳು. ಗಾಡಿಗಳ ಮುಳ್ಳು ರಿಪೇರಿ ಮಾಡುತ್ತೇನೆ ಅಂದಳು. ಮೈಸೂರು ರಸ್ತೆಯಲ್ಲಿ ಫ್ಲೈಓವರ್ ಕೆಲಸ ನಡೆಯುತ್ತಿದ್ದ ಕಾಲ. ಬೆಳಿಗ್ಗೆ ಒರೆಸಿದ ಮೇಜು ಮಧ್ಯಾಹ್ನಕ್ಕೆ ಧೂಳಿನಿಂದ ಕೆಂಪಾಗುತ್ತಿತ್ತು. ಅವಳು ದಿನಕ್ಕೆ ಮೂರು ಸಲ ಒರೆಸುತ್ತಿದ್ದಳು. ಶಾಲೆ ಬಿಟ್ಟ ನನ್ನನ್ನು ಕೈಕೆಲಸಕ್ಕೆ ಜೊತೆಗಿಟ್ಟುಕೊಂಡಳು.

ಮದುವೆಯ ಮಾತು ಎತ್ತಿದ ಅಮ್ಮನಿಗೆ ಅವಳು ಕೊಟ್ಟ ಉತ್ತರ ನಮ್ಮ ಬೀದಿಗೆಲ್ಲ ಗೊತ್ತು. "ಗಂಡಿನ ಕಡೆಯೋರಿಗೆ ಮೊದ್ಲೇ ಹೇಳ್ಬಿಡು, ಹುಡುಗಿ ಕೈ ಡೀಸೆಲ್ ನಾರುತ್ತೆ ಅಂತ. ಆಮೇಲೂ ಬಂದ್ರೆ ಕಾಫಿ ಮಾಡ್ತೀನಿ." ಯಾರೂ ಬರಲಿಲ್ಲ. ಅವಳು ಅದಕ್ಕಾಗಿ ಒಂದು ದಿನವೂ ಬೇಜಾರು ಮಾಡಿಕೊಂಡಿದ್ದನ್ನು ನಾನು ನೋಡಲಿಲ್ಲ. ಮಾಡಿಕೊಂಡಿದ್ದರೂ ನನಗೆ ತೋರಿಸುವವಳಲ್ಲ.

ಹೊಸ ಗಿರಾಕಿಗಳು ಅಂಗಡಿಯೊಳಗೆ ಇಣುಕಿ, "ಮೆಕ್ಯಾನಿಕ್ ಇಲ್ವಾಮ್ಮಾ?" ಅಂತ ಕೇಳುತ್ತಿದ್ದರು.

"ಇದಾರೆ, ಕೂತ್ಕೊಳಿ. ಟೀ ಕುಡೀತಾ ಇದಾರೆ."

ಆಮೇಲೆ ನಿಧಾನವಾಗಿ ತನ್ನ ಟೀ ಮುಗಿಸಿ, ಲೋಟ ತೊಳೆದಿಟ್ಟು, ಸ್ಕ್ರೂಡ್ರೈವರ್ ಹಿಡಿದು ಏಳುತ್ತಿದ್ದಳು. ಗಿರಾಕಿಯ ಮುಖವನ್ನು ತಿರುಗಿಯೂ ನೋಡುತ್ತಿರಲಿಲ್ಲ. ನಗುವುದೆಲ್ಲ ನನಗೆ ಬಿಟ್ಟ ಕೆಲಸ.

ಒಂದು ಸಲ ಟೈ ಕಟ್ಟಿಕೊಂಡವರೊಬ್ಬರು ಬಂದು ತಮ್ಮ ಬೈಕಿನ ಮೀಟರಿನ ಗಾಜಿಗೆ ಬೆರಳಲ್ಲಿ ಟಕಟಕ ಹೊಡೆದು, "ನೋಡಿ, ಮುಳ್ಳು ಏಳೋದೇ ಇಲ್ಲ" ಅಂದರು. ಅಕ್ಕ ಗಾಡಿಯನ್ನು ಪಕ್ಕಕ್ಕೆ ಅಲುಗಾಡಿಸಿ ಕಿವಿಗೊಟ್ಟು ಕೇಳಿದಳು. "ಮುಳ್ಳು ಸರಿಯಾಗೇ ಇದೆ ಸಾರ್. ಟ್ಯಾಂಕಲ್ಲಿ ಪೆಟ್ರೋಲ್ ಇಲ್ಲ ಅಷ್ಟೆ. ಮನೇಲಿ ಯಾರಾದ್ರೂ ಓಡಿಸಿದ್ರಾ?" ಅವರು ಮಗನನ್ನು ಬೈದುಕೊಳ್ಳುತ್ತಾ ಕ್ಯಾನು ಹಿಡಿದು ಬಂಕಿಗೆ ಹೋದರು.

ನನಗೆ ಅವಳು ಕೆಲಸ ಕಲಿಸಿದ್ದು ಹೀಗೆ. ಟ್ಯಾಂಕಿನೊಳಗೆ ತೇಲುವ ಬುಂಡೆಯೊಂದು ಇರುತ್ತದೆ, ಫ್ಲೋಟ್ ಅನ್ನುತ್ತೇವೆ. ಅದು ಒಂದು ಕಡ್ಡಿಯ ತುದಿಯಲ್ಲಿರುತ್ತದೆ. ಡೀಸೆಲ್ ಏರಿದರೆ ಕಡ್ಡಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಕಡ್ಡಿಯ ಬುಡದಲ್ಲಿ ಕೂದಲಿನಂಥ ತಂತಿಯ ಸುತ್ತು; ಅದರ ಮೇಲೆ ತಗಡಿನ ನಾಲಿಗೆಯೊಂದು ಉಜ್ಜಿಕೊಂಡು ಓಡಾಡುತ್ತದೆ. ನಾಲಿಗೆ ಎಲ್ಲಿ ನಿಂತಿದೆ ಅನ್ನುವುದನ್ನು ವೈರು ಮುಂದಿನ ಮೀಟರಿಗೆ ಮುಟ್ಟಿಸುತ್ತದೆ. ಮುಳ್ಳು ಏಳದಿದ್ದರೆ ಮೊದಲು ಟ್ಯಾಂಕಿನ ವೈರು ಬಿಚ್ಚಿ, ಕೀ ಆನ್ ಮಾಡಿ, ಆ ವೈರನ್ನು ಗಾಡಿಯ ಕಬ್ಬಿಣದ ಮೈಗೆ ಮುಟ್ಟಿಸಬೇಕು. ಮುಳ್ಳು ಜಿಗಿದು ಮೇಲಕ್ಕೆ ಹೋದರೆ ಮೀಟರೂ ವೈರೂ ಚೆನ್ನಾಗಿವೆ, ರೋಗ ಟ್ಯಾಂಕಿನೊಳಗೆ. ಜಿಗಿಯದಿದ್ದರೆ ರೋಗ ಮೇಲೆ. "ಮುಳ್ಳನ್ನ ಬೈಬೇಡ ಕಣೋ. ಕೆಳಗಿಂದ ಹೇಳಿ ಕಳಿಸಿದ್ದನ್ನ ಅದು ಮೇಲೆ ಹೇಳುತ್ತೆ" ಅನ್ನುತ್ತಿದ್ದಳು.

ಬುಂಡೆ ತೂತಾಗಿದೆಯೇ ಎಂದು ನೋಡಲು ಅದನ್ನು ಕಿವಿಯ ಹತ್ತಿರ ಹಿಡಿದು, ಮಗುವಿನ ಗಿಲಕಿಯಂತೆ ಆಡಿಸುತ್ತಿದ್ದಳು. ಒಳಗೆ ಹನಿಯ ಸದ್ದಾದರೆ ಬಿಸಿನೀರಿನ ಪಾತ್ರೆಯಲ್ಲಿ ಅದುಮಿ ಹಿಡಿಯುವಳು. ಗುಳ್ಳೆ ಎದ್ದ ಕಡೆ ತೂತು. ಆ ಪಾತ್ರೆ ಅಮ್ಮನ ಸಾರಿನ ಪಾತ್ರೆ. ಅಮ್ಮ ಎಷ್ಟೋ ದಿನ ಅದನ್ನು ಹುಡುಕಿದ್ದಳು.

ಇನ್ನು ಕಡ್ಡಿ ಬಗ್ಗಿಸುವ ವಿಷಯ. ತಂತಿಯ ಸುತ್ತು ಸವೆದಿದ್ದರೆ ಹೊಸದಾಗಿ ಸುತ್ತಬೇಕು. ಆಮೇಲೆ ಟ್ಯಾಂಕಿಗೆ ಐದೈದು ಲೀಟರ್ ಹಾಕುತ್ತಾ, ಪ್ರತಿ ಸಲವೂ ಮುಳ್ಳು ಸರಿಯಾದ ಕಡೆ ನಿಲ್ಲುತ್ತದೆಯೇ ಎಂದು ನೋಡಬೇಕು. ಅರ್ಧ ದಿನ ಹಿಡಿಯುತ್ತದೆ. ಅಷ್ಟು ಹೊತ್ತು ಯಾರಿಗಿದೆ? ಪ್ಲೇರ್, ಅಂದರೆ ಇಕ್ಕಳ, ಹಾಕಿ ಕಡ್ಡಿಯನ್ನು ಸ್ವಲ್ಪ ಬಗ್ಗಿಸಿಬಿಟ್ಟರೆ ನಾಲಿಗೆ ಸವೆಯದ ಜಾಗಕ್ಕೆ ಸರಿಯುತ್ತದೆ, ಮುಳ್ಳು ಮೇಲೆದ್ದು ಕೂರುತ್ತದೆ, ಗಿರಾಕಿ ನಗುತ್ತಾ ಹೋಗುತ್ತಾನೆ. ಗ್ಯಾರೇಜುಗಳಲ್ಲಿ ಇದಕ್ಕೆ ಸೆಟ್ಟಿಂಗ್ ಅನ್ನುತ್ತಾರೆ. ಎಲ್ಲರೂ ಮಾಡುತ್ತಿದ್ದರು. ಅಕ್ಕ ಮಾತ್ರ ಮಾಡುತ್ತಿರಲಿಲ್ಲ. ನಮಗೆ ಹೆಚ್ಚಿನ ಗಾಡಿಗಳನ್ನು ಕಳಿಸುತ್ತಿದ್ದ ದೊಡ್ಡ ಗ್ಯಾರೇಜಿನ ಮೇಸ್ತ್ರಿ ಒಮ್ಮೆ, "ಬಗ್ಸಿ ಕೊಟ್ಬಿಡಮ್ಮ, ಅಷ್ಟಕ್ಕೆ ಯಾಕೆ ಪೂಜೆ ಮಾಡ್ತೀಯ?" ಅಂದಾಗ, "ನೀವು ಬಗ್ಸಿ ಮೇಸ್ತ್ರಿ. ನಂಗೆ ಕಳಿಸ್ಬೇಡಿ" ಅಂದಳು. ಅವರು ಬೈದುಕೊಂಡೇ ಕಳಿಸುತ್ತಿದ್ದರು. ಅವಳ ಕೈಯಿಂದ ಹೋದ ಗಾಡಿ ಅದೇ ದೂರಿಗೆ ತಿರುಗಿ ಬರುತ್ತಿರಲಿಲ್ಲ.

ಅವಳು ತನ್ನ ಪ್ಲೇರುಗಳ ಹಲ್ಲನ್ನು ಅರದಲ್ಲಿ ಉಜ್ಜಿ ನುಣ್ಣಗೆ ಮಾಡಿಕೊಂಡಿದ್ದಳು, ಹಿಡಿದ ಸಾಮಾನಿಗೆ ಗಾಯವಾಗಬಾರದು ಎಂದು. ನನ್ನ ಪ್ಲೇರಿಗೆ ಹಲ್ಲು ಹಾಗೇ ಇತ್ತು. ನಡುವಿನ ಒಂದು ಹಲ್ಲು ಮುರಿದೂ ಇತ್ತು. "ಅದನ್ನ ಉಜ್ಕೋ, ಇಲ್ಲಾ ಬಿಸಾಕು" ಅಂತ ಹೇಳುತ್ತಲೇ ಇದ್ದಳು. ನಾನು ನಾಳೆ, ನಾಳೆ ಅನ್ನುತ್ತಿದ್ದೆ.

ಒಂದು ವರ್ಷ, ಆಯುಧಪೂಜೆಯ ಹಿಂದಿನ ದಿನ. ಗಾಡಿ ಇರುವವರಿಗೆಲ್ಲ ಹಬ್ಬಕ್ಕೆ ಎಲ್ಲವೂ ಸರಿಯಾಗಿರಬೇಕು, ಹಾರನ್ನಿನಿಂದ ಹಿಡಿದು ಮುಳ್ಳಿನವರೆಗೆ. ಅಂಗಡಿಯ ಮುಂದೆ ಸಾಲು. ಅಕ್ಕ ತಂತಿ ತರಲು ಎಸ್.ಪಿ. ರೋಡಿಗೆ ಹೋಗಿದ್ದಳು. ಆಗ ಶಾಲೆ ಮಕ್ಕಳ ವ್ಯಾನೊಂದು ಬಂತು. ಓಡಿಸುತ್ತಿದ್ದವನು ಮಲ್ಲಪ್ಪ, ಬಾಗಲಕೋಟೆ ಕಡೆಯವನು, ಊರು ಬಿಟ್ಟು ಬಂದು ಎರಡು ವರ್ಷವಾಗಿತ್ತು. ಮಾಲೀಕರು ಬಸವೇಶ್ವರನಗರದವರು. ಮುಳ್ಳು ಅರ್ಧಕ್ಕಿಂತ ಕೆಳಗೆ ಬಂದರೆ ಒಮ್ಮೆಲೇ ಸೊನ್ನೆಗೆ ಬೀಳುತ್ತದೆ ಎಂಬುದು ದೂರು. ಬಿಚ್ಚಿ ನೋಡಿದೆ. ಸುತ್ತಿನ ಕೆಳಗಿನ ಅರ್ಧ ಸವೆದುಹೋಗಿತ್ತು. ಹೊಸದಾಗಿ ಸುತ್ತಬೇಕಿತ್ತು.

ಹೊರಗೆ ಆರು ಗಾಡಿ ಹಾರನ್ ಹೊಡೆಯುತ್ತಿದ್ದವು. ನಾನು ಪ್ಲೇರ್ ತೆಗೆದುಕೊಂಡೆ.

ಮಲ್ಲಪ್ಪ ಕೀ ಆನ್ ಮಾಡಿದ. ಮುಳ್ಳು ಅರ್ಧ ದಾಟಿ ನಿಂತಿತು. ಅವನು ಹುಬ್ಬು ಗಂಟಿಕ್ಕಿದ. "ಟ್ಯಾಂಕಿನಾಗ ಅಷ್ಟ ಇಲ್ಲಲ್ರಿ ಅಣ್ಣಾರ. ಕಾಲು ಭಾಗ ಇದ್ರ ಹೆಚ್ಚಾತು."

"ಹಬ್ಬ ಅಲ್ವಾ ಗುರು, ಜಾಸ್ತಿ ತೋರಿಸ್ತಾ ಇದೆ. ಖುಷಿ ಪಡು" ಅಂದೆ. ಅವನೂ ನಕ್ಕ. ಹೋದ.

ಹಬ್ಬ ಕಳೆದು ಒಂದು ವಾರಕ್ಕೆ ಮಲ್ಲಪ್ಪ ನಡೆದುಕೊಂಡೇ ಅಂಗಡಿಗೆ ಬಂದ. ಅಂಗಿಯ ಒಂದು ಗುಂಡಿ ಕಿತ್ತಿತ್ತು. ಅಕ್ಕ ಮೇಜಿನ ಮುಂದಿದ್ದಳು. ಅವನು ಹೇಳಿದ್ದಿಷ್ಟು: ರಾತ್ರಿ ವ್ಯಾನು ಅವನ ರೂಮಿನ ಹತ್ತಿರ ನಿಲ್ಲುತ್ತದೆ. ಸಂಜೆ ಮಾಲೀಕರು ನೋಡಿದಾಗ ಮುಳ್ಳು ಅರ್ಧದ ಮೇಲೆ. ಬೆಳಿಗ್ಗೆ ಎರಡು ಟ್ರಿಪ್ ಮುಗಿಸಿ ಬಂದಾಗ ಮುಳ್ಳು ಸೊನ್ನೆ. ಹೀಗೆ ಎರಡು ಸಲ ಆಯಿತು. ಡೀಸೆಲ್ ಕದ್ದು ಮಾರುತ್ತಿದ್ದಾನೆಂದು ಮಾಲೀಕರು ಬೀದಿಯಲ್ಲಿ ನಿಲ್ಲಿಸಿ ಕೊರಳಪಟ್ಟಿ ಹಿಡಿದರು. ಕೀ ಕಿತ್ತುಕೊಂಡರು. ಕೆಲಸಕ್ಕೆ ಸೇರುವಾಗ ಇಟ್ಟುಕೊಂಡಿದ್ದ ಅವನ ಡಿಎಲ್ ವಾಪಸ್ ಕೊಡಲಿಲ್ಲ. ಡಿಎಲ್ ಇಲ್ಲದೆ ಬೇರೆ ಕಡೆ ಸ್ಟೀರಿಂಗ್ ಮುಟ್ಟಿಸುವವರು ಯಾರು?

"ನಾ ಕಳ್ಳ ಅಲ್ರಿ ಅಕ್ಕಾರ" ಅಂದ. "ಮುಳ್ಳು ಕೆಟ್ಟಿದ್ದೀತು ಅಂದ್ರ ಅವ್ರು ಏನಂದ್ರು ಗೊತ್ತೇನ್ರಿ? ಆ ಹೆಣ್ಣಮಗಳ ಅಂಗಡ್ಯಾಗ ರಿಪೇರಿ ಆದ ಮುಳ್ಳು ಸುಳ್ಳು ಹೇಳೂದಿಲ್ಲ, ನೀನ ಹೇಳ್ತಿ ಅಂದ್ರು. ಒಂದ್ ಮಾತ ಬಂದು ಹೇಳ್ರಿ. ನನ್ನ ಲೈಸನ್ಸ್ ಸಿಕ್ಕರ ಸಾಕು."

ಹೇಳಿ ಮುಗಿಸಿ ಅವನು ನನ್ನ ಕಡೆ ನೋಡಿದ. ಆ ನೋಟದಲ್ಲಿ ಬೈಗುಳವಿರಲಿಲ್ಲ. ನೀನಾದರೂ ಹೇಳು ಅನ್ನುವ ಹಾಗಿತ್ತು.

ಈಗ ನಾನು ಬರೆಯುವುದು ನನ್ನ ಬಾಯಿಂದ ಬಂದ ಮಾತು. "ಸರಿಯಾಗೇ ಹೇಳಿದಾರಲ್ಲ ಗುರು. ನಮ್ ಮುಳ್ಳು ಸುಳ್ಳು ಹೇಳಲ್ಲ. ಡೀಸೆಲ್ ಎಲ್ಲಿ ಹೋಯ್ತು ಅಂತ ನೀನೇ ಯೋಚ್ನೆ ಮಾಡು."

ಅಕ್ಕ ಚಿಮುಟ ಕೆಳಗಿಟ್ಟಳು. "ಕಡ್ಡಿ ಬಗ್ಗಿಸಿದ್ಯೇನೋ?"

"ಇಲ್ಲಕ್ಕ."

"ಸುತ್ತಿದ್ಯಾ?"

"ಸುತ್ತಿದೆ."

ಅವಳು ಚೀಲಕ್ಕೆ ಸ್ಪ್ಯಾನರ್, ಸ್ಕ್ರೂಡ್ರೈವರ್ ಹಾಕಿಕೊಂಡಳು. ಕೋಟಿನ ಗುಂಡಿ ಹಾಕಿಕೊಂಡಳು. "ನಡೀರಿ ಮಲ್ಲಪ್ಪ. ಲೋ, ಶಟರ್ ಎಳಿ, ನೀನೂ ಬಾ" ಅಂದಳು. ಬಸ್ಸಿನಲ್ಲಿ ವಿಜಯನಗರಕ್ಕೆ ಹೋಗಿ, ಅಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಚೀಲ ನನ್ನ ತೊಡೆಯ ಮೇಲಿತ್ತು. ಹೇಳಿಬಿಡಲು ಒಂದು ಗಂಟೆ ಸಮಯವಿತ್ತು. ಹೇಳಲಿಲ್ಲ.

ಮಾಲೀಕರ ಮನೆಯ ಮುಂದೆ ವ್ಯಾನು ನಿಂತಿತ್ತು. ಅವರು ಫೋನು ಮಾಡಿ ಗ್ಯಾರೇಜಿನ ಮೇಸ್ತ್ರಿಯನ್ನೂ ಕರೆಸಿಕೊಂಡರು. ಕಾಂಪೌಂಡಿನ ಮೇಲೆ ಅಕ್ಕಪಕ್ಕದವರ ತಲೆಗಳು.

ಅಕ್ಕ ಕೀ ಆನ್ ಮಾಡಿಸಿದಳು. ಮುಳ್ಳು ಸೊನ್ನೆ. ಒಂದು ಕ್ಯಾನಿನಲ್ಲಿ ಐದು ಲೀಟರ್ ಡೀಸೆಲ್ ತರಿಸಿ, "ನೀವೇ ಹಾಕಿ ಸಾರ್" ಅಂತ ಮಾಲೀಕರ ಕೈಗೆ ಕೊಟ್ಟಳು. ಅವರು ಹಾಕಿದರು. ಮತ್ತೆ ಕೀ ಆನ್ ಮಾಡಿದಾಗ ಮುಳ್ಳು ಎದ್ದು ಅರ್ಧ ದಾಟಿ ನಿಂತಿತು.

"ಐದು ಲೀಟರಿಗೆ ಅರ್ಧ ಟ್ಯಾಂಕ್ ಏರ್ತಲ್ಲ ಸಾರ್" ಅಂದಳು. "ಅಷ್ಟೇ ಇಳಿಯೋಕೆ ಕಳ್ಳ ಬೇಕಾ? ಮಕ್ಕಳನ್ನ ಬಿಟ್ಟು ಬಂದ್ರೆ ಸಾಕು."

ಹಿಂದಿನ ಸೀಟಿನ ಕೆಳಗಿನ ಮುಚ್ಚಳ ಬಿಚ್ಚಿ ಟ್ಯಾಂಕಿನಿಂದ ಕಡ್ಡಿಯನ್ನು ಹೊರತೆಗೆದಳು. ಕೋಟಿನ ತುದಿಯಲ್ಲಿ ಒರೆಸಿದಳು. ಕಡ್ಡಿ ಬಗ್ಗಿತ್ತು. ಬಗ್ಗಿದ ಕಡೆ ಪ್ಲೇರಿನ ಹಲ್ಲಿನ ಗುರುತು: ಮೂರು ಗೀರು, ಒಂದು ಖಾಲಿ, ಮತ್ತೆ ಎರಡು ಗೀರು. ಅವಳು ಅದರ ಮೇಲೆ ಹೆಬ್ಬೆರಳು ಆಡಿಸಿದಳು. ನನ್ನ ಕಡೆ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

"ನಿಮ್ಮಂಗಡೀಲೇ ತಾನೆ ಮಾಡಿದ್ದು? ಯಾರು ಮಾಡಿದ್ದು?" ಅಂದರು ಮಾಲೀಕರು.

ಮಲ್ಲಪ್ಪ ಬಾಯಿ ತೆರೆದ. ಅಕ್ಕ ಅವನ ಕಡೆ ಕೈ ಎತ್ತಿದಳು. "ಮಲ್ಲಪ್ಪ, ನೀವು ಸುಮ್ನಿರಿ." ಆಮೇಲೆ ಮಾಲೀಕರಿಗೆ, "ನನ್ನ ಅಂಗಡಿ ಸಾರ್, ನನ್ನ ಕೈ. ಇವರದೇನೂ ತಪ್ಪಿಲ್ಲ. ಇವರ ಡಿಎಲ್ ತಂದುಕೊಡಿ" ಅಂದಳು.

ಮೇಸ್ತ್ರಿ ಎಲ್ಲರಿಗೂ ಕೇಳುವ ಹಾಗೆ ನಕ್ಕರು. "ಬಗ್ಗಿಸಲ್ಲ ಬಗ್ಗಿಸಲ್ಲ ಅಂತ ಏನ್ ಮಾತು, ಏನ್ ಕತೆ! ಅದಕ್ಕೇ ಹೇಳೋದು, ಹೆಂಗಸ್ರ ಕೈಗೆ ಸ್ಪ್ಯಾನರ್ ಕೊಡಬಾರ್ದು ಅಂತ."

ಅಕ್ಕ ಕಡ್ಡಿ ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ. "ಹೌದು ಮೇಸ್ತ್ರಿ, ಹೆಂಗಸ್ರ ಕೈ ತಪ್ಪು ಮಾಡುತ್ತೆ. ಬಂದು ಬೀದೀಲಿ ನಿಂತು ಮಾಡಿದ್ದೀನಿ ಅಂತಾನೂ ಹೇಳುತ್ತೆ. ಹಾಗೆ ಹೇಳಿದ ಗಂಡಸು ಒಬ್ಬ ಇದ್ರೆ ಕರೀರಿ, ನೋಡೋಣ."

ಮೇಸ್ತ್ರಿ ಬಗ್ಗಿ ವ್ಯಾನಿನ ಟೈರು ನೋಡತೊಡಗಿದರು. ನಾನು ಎರಡಡಿ ಹಿಂದೆ ಚೀಲ ಹಿಡಿದು ನಿಂತಿದ್ದೆ.

ಮಾಲೀಕರು ಒಳಗೆ ಹೋಗಿ ಡಿಎಲ್ ತಂದರು. "ಆಯ್ತು ಬಿಡಪ್ಪ, ನಾಳೆಯಿಂದ ಬಾ" ಅಂದರು. ಮಲ್ಲಪ್ಪ ಅದನ್ನು ಜೇಬಿಗಿಟ್ಟುಕೊಂಡು, ಕಿತ್ತುಹೋಗಿದ್ದ ಗುಂಡಿಯ ಜಾಗವನ್ನು ಮುಟ್ಟಿ ತೋರಿಸಿದ. "ಬರಂಗಿಲ್ರಿ. ಕಳ್ಳ ಅಂದ ಬಾಯಿಲೆ ಡ್ರೈವರ್ ಅಂತ ಕರಿಸ್ಕೊಳ್ಳಂಗಿಲ್ಲ." ಗೇಟು ದಾಟಿ ಹೋದ. ಅಕ್ಕನ ಮುಖದಲ್ಲಿ ಆ ದಿನ ಕಂಡ ನಗು ಅದೊಂದೇ.

ಅಕ್ಕ ಆ ಬಗ್ಗಿದ ಕಡ್ಡಿಯನ್ನು ಚೀಲಕ್ಕೆ ಹಾಕಿಕೊಂಡು, ಮರುದಿನ ಹೊಸದಾಗಿ ಸುತ್ತಿದ ಇನ್ನೊಂದನ್ನು ತಾನೇ ಹೋಗಿ ಕೂರಿಸಿ ಬಂದಳು. ನನ್ನನ್ನು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ಆ ಪ್ಲೇರ್ ಕೊಡಿಲ್ಲಿ" ಅಂದಳು, ಅಷ್ಟೆ. ಅದನ್ನು ಅಂಗಡಿಯ ಗೋಡೆಯ ಮೊಳೆಗೆ ನೇತು ಹಾಕಿದಳು. ಅಲ್ಲಿಂದ ಅದನ್ನು ತೆಗೆಯಲು ನನಗೆ ಧೈರ್ಯವಾಗಲಿಲ್ಲ.

ಮೇಸ್ತ್ರಿಯ ಗ್ಯಾರೇಜಿನಿಂದ ಗಾಡಿ ಬರುವುದು ನಿಂತಿತು. ಅವರ ಮಾತು ಕೇಳಿ ಬೇರೆಯವರೂ ನಿಲ್ಲಿಸಿದರು. ಖಾಲಿ ಕೂತ ಒಂದು ಮಧ್ಯಾಹ್ನ ಅಕ್ಕ ತಗಡೊಂದಕ್ಕೆ ಬಣ್ಣ ಹೊಡೆದು, ಅದರ ಮೇಲೆ ತನ್ನ ಕೈಯಲ್ಲೇ ಬರೆದಳು: ಇಲ್ಲಿ ಕಡ್ಡಿ ಬಗ್ಗಿಸುವುದಿಲ್ಲ. ಸಾಲು ಬಲಕ್ಕೆ ಹೋಗುತ್ತಾ ಕೆಳಗಿಳಿದಿತ್ತು. ಅವಳ ಅಂಗಡಿಗೆ ಅದೊಂದೇ ಬೋರ್ಡು, ಹೆಸರಿನ ಬೋರ್ಡು ಇರಲೇ ಇಲ್ಲ.

"ಜನ ನಗ್ತಾರಕ್ಕ" ಅಂದೆ.

"ನಗ್ಲಿ. ನಗೋಕೆ ಹತ್ತಿರ ಬರ್ಬೇಕಲ್ಲ, ಬಂದಾಗ ಮುಳ್ಳು ತೋರಿಸ್ತಾರೆ."

ಹಾಗೇ ಆಯಿತು. ಹಳೆಯ ಗಿರಾಕಿಗಳು ವಾಪಸ್ ಬರಲು ಒಂದೂವರೆ ವರ್ಷ ಹಿಡಿಯಿತು. ಅಷ್ಟು ದಿನವೂ ಅವಳು ಬೆಳಿಗ್ಗೆ ಒಂಬತ್ತಕ್ಕೆ ಶಟರ್ ಎತ್ತಿ, ಕೋಟು ಹಾಕಿ, ಮೂರು ಸಲ ಮೇಜು ಒರೆಸಿದಳು. ಮಲ್ಲಪ್ಪ ಲಾರಿ ಹಿಡಿದ. ಆಯುಧಪೂಜೆಗೆ ಎಲ್ಲಿದ್ದರೂ ಬಂದು ಅವಳ ಮೇಜಿನ ಮೇಲೆ ನಿಂಬೆಹಣ್ಣು ಇಟ್ಟು ಹೋಗುತ್ತಿದ್ದ. ನನಗೂ ನಮಸ್ಕಾರ ಮಾಡುತ್ತಿದ್ದ. ಅದನ್ನು ತಗೊಳ್ಳುವುದು ನನಗೆ ಹೊಡೆತಕ್ಕಿಂತ ಕಷ್ಟವಾಗುತ್ತಿತ್ತು.

ಎಷ್ಟೋ ವರ್ಷದ ಮೇಲೆ, ಅವಳ ಕಾಲು ಬಾತು ಅಂಗಡಿಗೆ ಬರುವುದು ನಿಂತ ಮೇಲೆ, ಒಂದು ದಿನ ಅವಳ ಮಂಚದ ಹತ್ತಿರ ಕೂತು ಬಾಯಿಬಿಟ್ಟೆ. "ಅಕ್ಕ, ಬಸವೇಶ್ವರನಗರದಲ್ಲಿ ಅವತ್ತು, ಆ ಕಡ್ಡಿ..."

ಅವಳು ನನ್ನನ್ನು ಮುಗಿಸಲು ಬಿಡಲಿಲ್ಲ. "ನಂಗ್ಯಾಕೋ ಹೇಳ್ತೀಯ? ನಂಗೆ ಗೊತ್ತು. ಗೊತ್ತಿಲ್ದೋರಿಗೆ ಹೇಳು" ಅಂದು ಗೋಡೆಯ ಕಡೆ ತಿರುಗಿ ಮಲಗಿದಳು. ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕ್ಷಮಿಸಲಿಲ್ಲ ಅಂತಲೇ ಇಟ್ಟುಕೊಂಡಿದ್ದೇನೆ.

ಹನ್ನೊಂದನೆಯ ದಿನ, ಆ ಬಾಲದ ಮಾತು ನಾಲ್ಕನೆಯ ಸಲ ಕಿವಿಗೆ ಬಿದ್ದಾಗ, ಬಡಿಸುತ್ತಿದ್ದ ಸಾರಿನ ಬಕೆಟ್ಟನ್ನು ಕೆಳಗಿಟ್ಟು ಜೋರಾಗಿ ಹೇಳಿದೆ. "ಅದನ್ನ ಬಗ್ಗಿಸಿದ್ದು ಅಕ್ಕ ಅಲ್ಲ. ನಾನು." ಪಂಕ್ತಿಯವರೆಲ್ಲ ತಲೆ ಎತ್ತಿ ನೋಡಿದರು. ಆಮೇಲೆ ಯಾರೋ ಅಂದರು, "ತಮ್ಮ ಅಂದ್ರೆ ಹಿಂಗಿರ್ಬೇಕು ನೋಡ್ರಪ್ಪ. ಸತ್ತ ಅಕ್ಕನ ತಪ್ಪನ್ನ ತನ್ ಮೇಲೆ ಹಾಕ್ಕೊತಿದಾನೆ." ಮುದುಕರಾಗಿದ್ದ ಮೇಸ್ತ್ರಿ ನನ್ನ ಬೆನ್ನು ತಟ್ಟಿದರು. ನಾಲ್ಕಾರು ಜನ ಕಣ್ಣೊರೆಸಿಕೊಂಡರು. ಇಷ್ಟು ವರ್ಷ ಸುಮ್ಮನಿದ್ದುದಕ್ಕೆ ನನಗೆ ಸಿಕ್ಕಿದ್ದು ಒಳ್ಳೆಯವನೆಂಬ ಹೆಸರು. ಸಾಕ್ಷಿ ಹೇಳಲು ಮಲ್ಲಪ್ಪನೂ ಇರಲಿಲ್ಲ. ಊರಿಗೆ ಹೋದವನು ಎಲ್ಲಿದ್ದಾನೋ ಗೊತ್ತಿಲ್ಲ.

ಮರುದಿನ ಅಕ್ಕನ ತಗಡಿನ ಪೆಟ್ಟಿಗೆ ತೆಗೆದೆ. ನೀಲಿ ಕೋಟಿನ ಮಡಿಕೆಯೊಳಗೆ ಆ ಕಡ್ಡಿ ಇತ್ತು. ಎಣ್ಣೆ ಸವರಿ, ತುಕ್ಕು ಹಿಡಿಯದ ಹಾಗೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಅಂಗಡಿಗೆ ತಂದು ಮೊಳೆಯ ಮೇಲಿನ ಪ್ಲೇರ್ ಇಳಿಸಿದೆ. ಬಗ್ಗಿದ ಜಾಗವನ್ನು ಅದರ ಬಾಯಿಗಿಟ್ಟೆ. ಮೂರು ಗೀರು, ಒಂದು ಖಾಲಿ, ಎರಡು ಗೀರು. ಹಲ್ಲಿಗೆ ಹಲ್ಲು ಕೂತಿತು.

ಈಗ ಎರಡನ್ನೂ ಅವಳ ಬೋರ್ಡಿನ ಕೆಳಗೆ ತೂಗುಹಾಕಿದ್ದೇನೆ. ಕೇಳಿದವರಿಗೆ ಇಳಿಸಿ ತೋರಿಸುತ್ತೇನೆ. ಕೇಳದವರಿಗೂ ತೋರಿಸುತ್ತೇನೆ. ಮೊನ್ನೆ ಮೇಸ್ತ್ರಿ ಮೊಮ್ಮಗನ ಸ್ಕೂಟರಿನಲ್ಲಿ ಈ ಕಡೆ ಬಂದಿದ್ದರು. ಕರೆದು ಕೂರಿಸಿ ಕಡ್ಡಿ, ಪ್ಲೇರ್ ಎರಡನ್ನೂ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಕೂರಿಸಿದರು, ತೆಗೆದರು, ಮತ್ತೆ ಕೂರಿಸಿದರು.

"ಇದೆಲ್ಲಾ ಈಗ್ಯಾಕೋ? ಹೋದೋಳು ಹೋದ್ಲು" ಅಂದರು.

"ಅವತ್ತು ಅಕ್ಕ ಒಬ್ಬ ಗಂಡಸನ್ನ ಕರೀರಿ ಅಂದಿದ್ಲಲ್ಲ ಮೇಸ್ತ್ರಿ" ಅಂದೆ. "ಎರಡಡಿ ಹಿಂದೆ ನಿಂತಿದ್ದೆ. ಬರೋದು ಇಷ್ಟು ತಡ ಆಯ್ತು."

ಅವರು ಎದ್ದು, ಕಡ್ಡಿಯನ್ನೂ ಪ್ಲೇರನ್ನೂ ತಾವೇ ಮೊಳೆಗೆ ಸಿಕ್ಕಿಸಿದರು. ಬೋರ್ಡನ್ನು ಸ್ವಲ್ಪ ಹೊತ್ತು ನೋಡಿದರು. ಅವರು ಸ್ಕೂಟರ್ ಹತ್ತುವಾಗ ಪಕ್ಕದ ಪಂಕ್ಚರ್ ಅಂಗಡಿಯವನು ಅಕ್ಕನ ಸುದ್ದಿ ಎತ್ತಿದ. "ಅಂಥ ಕೈ ಇನ್ನೊಂದಿರ್ಲಿಲ್ಲ ಕಣಪ್ಪ" ಅಂದರು ಮೇಸ್ತ್ರಿ. ಅಷ್ಟಕ್ಕೇ ನಿಲ್ಲಿಸಿದರು.